ಸಹಾಯ ಬೇಕು: ಟ್ರೇಲ್ ಸಂಘದ ಮಂಡಳಿಗೆ ಜನ ಬೇಕಾಗಿದ್ದಾರೆ

ಎಲ್ಲರಿಗೂ ನಮಸ್ಕಾರ. ಗುಡ್ಡದಲ್ಲಿ ಸೈಕಲ್ ಓಡಿಸೋ ಮಣ್ಣಿನ ದಾರಿಗಳನ್ನು (ಟ್ರೇಲ್) ಮಾಡಿ ನೋಡಿಕೊಳ್ಳೋ ನಮ್ಮ ಮೌಂಟನ್ ಬೈಕಿಂಗ್ ಟ್ರೇಲ್ ಸಂಘದ ಮಂಡಳಿಯಲ್ಲಿ ಖಜಾಂಚಿ ಮತ್ತು ಕಾರ್ಯದರ್ಶಿ ಇಲ್ಲ. ಸಂಬಳವಿಲ್ಲದ ಕೆಲಸ, ಎಲ್ಲರೂ ಸ್ವಯಂಸೇವಕರೇ. ಗುದ್ದಲಿ ಹಿಡಿಯೋಕೆ ಜನ ಖುಷಿಯಿಂದ ಬರುತ್ತಾರೆ. ಲೆಕ್ಕ ಬರೆಯೋಕೆ, ವಿಮೆ ನೋಡಿಕೊಳ್ಳೋಕೆ, ಜಮೀನಿನವರ ಜೊತೆ ಮಾತಾಡೋಕೆ ಯಾರೂ ಮುಂದೆ ಬರುವುದಿಲ್ಲ. ಅನುಮತಿ ಇಲ್ಲದಿದ್ದರೆ ಎಷ್ಟು ಚೆಂದದ ದಾರಿಯನ್ನೂ ಮುಚ್ಚಿಸಿಬಿಡಬಹುದು, ಅಲ್ವಾ?

ಇನ್ನೊಂದು ವಿಷಯಕ್ಕೂ ಸಲಹೆ ಬೇಕು. ಟ್ರೇಲಿನ ಇಳಿಜಾರು ಗುಡ್ಡದ ಇಳಿಜಾರಿನ ಅರ್ಧಕ್ಕಿಂತ ಜಾಸ್ತಿ ಇರಬಾರದು, ಸರಾಸರಿ ಶೇ. 10ರೊಳಗೆ ಇದ್ದರೆ ಒಳ್ಳೆಯದು ಅನ್ನುತ್ತಾರೆ. ನಮ್ಮ ಹಳೇ ದಾರಿಯೊಂದು ನೇರ ಕೆಳಗೆ ಇಳಿಯುತ್ತದೆ. ಮಳೆನೀರು ಅದರಲ್ಲೇ ಹರಿದು ಮಣ್ಣು ಕೊರೆಯುತ್ತಿದೆ. ಅದನ್ನು ಮುಚ್ಚಿ ಅಡ್ಡಲಾಗಿ ಹೊಸದು ಮಾಡಬೇಕು ಅನ್ನೋದು ನನ್ನ ಅಭಿಪ್ರಾಯ. ಮಂಡಳಿಯಲ್ಲಿ ಅರ್ಧ ಜನ ಒಪ್ಪುತ್ತಿಲ್ಲ, ಅವರಿಗೆ ಆ ದಾರಿ ಮೇಲೆ ತುಂಬಾ ಪ್ರೀತಿ. ಹೀಗೆ ಒಡೆದ ಮಂಡಳಿಯನ್ನು ಒಪ್ಪಿಸಿದವರು ಹೇಗೆ ಮಾಡಿದಿರಿ, ದಯವಿಟ್ಟು ತಿಳಿಸಿ.