ಬಲೆಗೆ ಸಿಕ್ಕ ಕೇರೆ ಹಾವು 18 ದಿನದಿಂದ ಏನೂ ತಿಂದಿಲ್ಲ

ಪ್ರಶ್ನೆ: ಡಾಕ್ಟ್ರೇ ನಮಸ್ಕಾರ, ತೀರ್ಥಹಳ್ಳಿ ಕಡೆಯವನು, ಹಾವು ಹಿಡಿದು ಕಾಡಿಗೆ ಬಿಡುತ್ತೇನೆ. ತರಕಾರಿ ಹಿತ್ತಲಿನ ನೈಲಾನ್ ಬಲೆಯಲ್ಲಿ ಆರಡಿ ಕೇರೆ ಸಿಕ್ಕಿಕೊಂಡಿತ್ತು. ಬಲೆ ಕತ್ತರಿಸಿದಾಗ ನಡುವಿನಲ್ಲಿ ಉಂಗುರ ಹಾಕಿದ ಹಾಗೆ ಗಾಯ. ಅರಣ್ಯ ಇಲಾಖೆಗೆ ತಿಳಿಸಿ, ಅವರು ಹೇಳಿದಂತೆ ಪಶುವೈದ್ಯರ ಹತ್ತಿರ ಹೊಲಿಗೆ ಹಾಕಿಸಿ, ಗಾಜಿನ ಪೆಟ್ಟಿಗೆಯಲ್ಲಿ ಇಟ್ಟುಕೊಂಡಿದ್ದೇನೆ. ಎರಡು ಸಲ ಜೀವಂತ ಇಲಿ ಬಿಟ್ಟೆ, ಆ ಕಡೆ ತಿರುಗಿಯೂ ನೋಡಲಿಲ್ಲ. ಪಕ್ಕದ ಮನೆ ಅಜ್ಜಿ ಹಾಲಿಡು ಅಂತಾರೆ. ಬಾಯಿ ಬಿಡಿಸಿ ತಿನ್ನಿಸಲಾ?

ಉತ್ತರ: ಬೇಡವೇ ಬೇಡ. ಮೈಕಟ್ಟು ಚೆನ್ನಾಗಿರುವ ಕೇರೆಗೆ 18 ದಿನದ ಉಪವಾಸ ದೊಡ್ಡದಲ್ಲ, ನೀರಿಲ್ಲದಿದ್ದರೆ ಮಾತ್ರ ಕಷ್ಟ. ಕಣ್ಣು ಗುಳಿಬಿದ್ದಿದೆಯಾ, ಚರ್ಮ ಸುಕ್ಕುಗಟ್ಟಿದೆಯಾ ನೋಡಿ. ಹಾಗಿದ್ದರೆ ಇವತ್ತೇ ವೈದ್ಯರಿಗೆ ತೋರಿಸಿ. ಹಾಲು ಅಜ್ಜಿಯ ಕಾಫಿಗೇ ಇರಲಿ.

ಜೀವಂತ ಇಲಿ ಮತ್ತೆ ಬಿಡಬೇಡಿ. ಹಾವು ಸುಮ್ನೆ ಬಿದ್ದಿದ್ದರೆ ಇಲಿಯೇ ಅದನ್ನು ಕಚ್ಚುತ್ತದೆ, ಅದೂ ಹೊಲಿಗೆ ಇರುವ ಜಾಗದಲ್ಲೇ ಕಚ್ಚಿಬಿಟ್ಟರೆ? ಇನ್ನೊಂದು, ನಿಮ್ಮ ಕಡೆ ಈಗ ಜಡಿಮಳೆ ಅಲ್ವಾ, ಮೈ ತಣ್ಣಗಿದ್ದರೆ ಹಾವಿಗೆ ಹಸಿವೂ ಆಗಲ್ಲ, ತಿಂದದ್ದೂ ಜೀರ್ಣವಾಗಲ್ಲ. ಪೆಟ್ಟಿಗೆಯ ಒಂದು ತುದಿ ಮಾತ್ರ 28–30 ಡಿಗ್ರಿ ಇರುವಂತೆ ಹೊರಗಡೆಯಿಂದ ಬಲ್ಬ್ ಕೊಡಿ. ಕೇರೆ ಬಹಳ ಗಾಬರಿಯ ಪ್ರಾಣಿ, ಗಾಜಿಗೆ ಮೂತಿ ಗುದ್ದಿ ಗುದ್ದಿ ತರಚಿಕೊಳ್ಳುತ್ತದೆ, ಅದಕ್ಕೇ ಮೂರು ಕಡೆ ಬಟ್ಟೆ ಮುಚ್ಚಿ, ಅಡಗಲು ಒಂದು ರಟ್ಟಿನ ಡಬ್ಬ ಇಡಿ. ಕೆಳಗೆ ಮಣ್ಣು ಬೇಡ, ಪೇಪರ್ ಸಾಕು.

ಇಷ್ಟಾದ ಮೇಲೆ ಸತ್ತ ಚಿಕ್ಕ ಇಲಿಯನ್ನು ಕವರಿನಲ್ಲಿ ಹಾಕಿ ಬಿಸಿನೀರಿನಲ್ಲಿ ಬೆಚ್ಚಗೆ ಮಾಡಿ, ಕಪ್ಪೆ ಕೂತಿದ್ದ ಒದ್ದೆ ಬಟ್ಟೆಯಿಂದ ಒರೆಸಿ ಇಡಿ, ಕಪ್ಪೆ ವಾಸನೆಗೆ ಕೇರೆ ಸೋಲುವುದು ಜಾಸ್ತಿ. ಇದು ಹಗಲಿನ ಹಾವು, ಬೆಳಿಗ್ಗೆ ಇಟ್ಟು ಅಲ್ಲಿಂದ ಹೊರಟುಬಿಡಿ.

ಪ್ರಶ್ನೆ: ಸಾರ್, ಎಲ್ಲ ಮಾಡಿದೆ. ಇವತ್ತು ಕಣ್ಣು ನೀಲಿ ನೀಲಿ, ಹಾಲು ಹೊಯ್ದ ಹಾಗಿದೆ. ಕೀವಾ?

ಉತ್ತರ: ಎರಡೂ ಕಣ್ಣು ಒಂದೇ ಥರ ಇದ್ದರೆ ಪೊರೆ ಬಿಡುವ ಹೊತ್ತು. ಆಗ ಹಾವು ಹೇಗೂ ತಿನ್ನಲ್ಲ, ಇಲಿ ಇಡಲೇಬೇಡಿ. ಡಬ್ಬದಲ್ಲಿ ಒದ್ದೆ ಬಟ್ಟೆ ಇಡಿ. ಗಾಯದ ಹತ್ತಿರ ಪೊರೆ ಅಂಟಿಕೊಂಡರೆ ಎಳೆಯಬೇಡಿ, ಹೊಲಿಗೆ ಬಿಚ್ಚುವಾಗ ವೈದ್ಯರೇ ನೋಡಿಕೊಳ್ಳಲಿ.

ಪ್ರಶ್ನೆ: ಹನ್ನೊಂದನೇ ದಿನ ಪೊರೆ ಬಿಟ್ಟಿತು, ಗಾಯದ ಹತ್ತಿರ ಎರಡು ಬೆರಳಗಲ ಉಳಿದಿದೆ. ಇವತ್ತು ಇಲಿ ಮಾಯ! ಕತ್ತಿನ ಕೆಳಗೆ ಉಬ್ಬು ಕಾಣ್ತಿದೆ. ವಿಡಿಯೋ ಕಳಿಸಲಾ?

ಉತ್ತರ: ಭೇಷ್! ಆದರೆ ವಿಡಿಯೋ ಬೇಡ ಮಾರಾಯ್ರೇ, ಈಗ ಮುಟ್ಟಿದರೆ ಕಕ್ಕಿಬಿಡುತ್ತದೆ. ಐದು ದಿನ ಆ ಕಡೆ ಹೋಗಬೇಡಿ, ನೀರು ಬದಲಿಸಲು ಬಿಟ್ಟು.