ನೀಲಿ ವಾಗನ್-ಲೀ ಊಟದ ಕೋಚ್, ನಂಬರ್ 2419: ಹೆಚ್ಚು ಬೆಲೆ ಕೊಡಬಹುದೇ?

ಕಿರುಹಳಿ:
ಎಚ್‌ಓ (1:87) ಅಳತೆಯ ಮಾದರಿ ರೈಲಿನ ಊಟದ ಕೋಚ್ ಒಂದು ಮಾರಾಟಕ್ಕಿದೆ. ಕಡುನೀಲಿ ಬಣ್ಣ, ಬಂಗಾರದ ಗೆರೆ, ಕಿಟಕಿಗಳ ಮೇಲೆ ಉದ್ದಕ್ಕೂ ಫ್ರೆಂಚ್‌ನಲ್ಲಿ ಕಂಪನಿಯ ಹೆಸರು, ನಡುವೆ ಎರಡು ಸಿಂಹಗಳ ಲಾಂಛನ, ಬದಿಯಲ್ಲಿ 2419 ಎಂಬ ಸಂಖ್ಯೆ. ಪೆಟ್ಟಿಗೆಯೂ ಇದೆ. ಮೊದಲ ಮಹಾಯುದ್ಧದ ಕದನವಿರಾಮಕ್ಕೆ ಸಹಿ ಬಿದ್ದ ಕೋಚಿನ ಮಾದರಿ ಇದು ಎಂದು ಮಾಮೂಲಿ ಬೆಲೆಯ ಎರಡರಷ್ಟು ಕೇಳುತ್ತಿದ್ದಾರೆ.

ಮೂರು ಪ್ರಶ್ನೆ. ಆ ಮಾತು ನಿಜವೇ? 1930ರ ದಶಕದ ರಾತ್ರಿ ರೈಲಿನಲ್ಲಿ ಎಲ್‌ಎಕ್ಸ್ ಎಂಬ ಐಷಾರಾಮಿ ಮಲಗುವ ಕೋಚುಗಳ ಜೊತೆ ಇದನ್ನು ಓಡಿಸಬಹುದೇ? ಒಳಗೆ ದೀಪ ಇಲ್ಲ. ಮಿಣುಕದ ಹಾಗೆ ಹಾಕುವುದು ಹೇಗೆ? ನನ್ನದು ಎರಡು ಹಳಿಯ ಡಿಸಿಸಿ (ಹಳಿಯ ಮೂಲಕ ಡಿಜಿಟಲ್ ಸಂಕೇತ ಕಳಿಸಿ ರೈಲು ಓಡಿಸುವ ವ್ಯವಸ್ಥೆ).

ತೇಗದಪಟ್ಟಿ:
ಮೊದಲ ಪ್ರಶ್ನೆಗೆ ಉತ್ತರ: ಇಲ್ಲ. ಬಣ್ಣವೇ ಅದನ್ನು ಹೇಳುತ್ತದೆ.

ವಾಗನ್-ಲೀ ಕಂಪನಿಯನ್ನು ಕಟ್ಟಿದ್ದು ಬೆಲ್ಜಿಯಂನ ಜಾರ್ಜ್ ನಾಗೆಲ್‌ಮಾಕರ್ಸ್. 1883ರಲ್ಲಿ ಓರಿಯಂಟ್ ಎಕ್ಸ್‌ಪ್ರೆಸ್ ಹೊರಡಿಸಿದ್ದೂ ಇದೇ ಕಂಪನಿ. ಮೊದಲ ಮಹಾಯುದ್ಧ ಮುಗಿಯುವವರೆಗೂ ಅದರ ಕೋಚುಗಳ ಒಡಲು ತೇಗದ್ದು. ಮರದ ಮೇಲೆ ವಾರ್ನಿಷ್ ಅಷ್ಟೇ, ನೀಲಿ ಇರಲಿಲ್ಲ. ಉಕ್ಕಿನ ಮೊದಲ ಮಲಗುವ ಕೋಚುಗಳು ಬಂದದ್ದು 1922ರಲ್ಲಿ. ನೀಲಿ-ಬಂಗಾರದ ಬಣ್ಣ ಅವುಗಳೊಂದಿಗೆ ಬಂತು, ಊಟದ ಕೋಚುಗಳಿಗೆ ಅದರ ನಂತರ.

2419 ಡಿ ತಯಾರಾದದ್ದು 1914ರಲ್ಲಿ. ಊಟದ ಕೋಚಾಗಿಯೇ ಓಡುತ್ತಿತ್ತು. 1918ರ ಶರತ್ಕಾಲದಲ್ಲಿ ಅದನ್ನು ಮಿತ್ರಪಡೆಗಳ ದಂಡನಾಯಕ ಮಾರ್ಷಲ್ ಫೋಶ್ ಅವರ ಕಚೇರಿಯಾಗಿ ಮಾರ್ಪಡಿಸಿದರು. ನವೆಂಬರ್ 11ರಂದು ಕಾಂಪಿಯೇನ್ ಕಾಡಿನಲ್ಲಿ ಅದರೊಳಗೆ ಸಹಿ ಬಿತ್ತು. ಆಮೇಲೆ ಪ್ಯಾರಿಸ್ಸಿನ ಲೆಜ಼ಾಂವಲೀಡ್ ಅಂಗಳದಲ್ಲಿ ಕೆಲವು ವರ್ಷ ಬಯಲಿಗೆ ನಿಂತು ಹಾಳಾಗತೊಡಗಿ, 1927ರಲ್ಲಿ ಅದೇ ಕಾಡಿಗೆ ಮರಳಿತು. 1940ರ ಜೂನ್ 22ರಂದು ಹಿಟ್ಲರ್ ಫ್ರಾನ್ಸಿನಿಂದ ಸಹಿ ಹಾಕಿಸಿಕೊಂಡದ್ದೂ ಅದರಲ್ಲೇ. ನಂತರ ಬರ್ಲಿನ್ನಿಗೆ ಹೋಯಿತು, 1945ರಲ್ಲಿ ತುರಿಂಗಿಯಾದಲ್ಲಿ ನಾಶವಾಯಿತು. ಈಗ ಕಾಂಪಿಯೇನ್‌ನಲ್ಲಿ ನೋಡಸಿಗುವುದು ಅದೇ ಸರಣಿಯ 2439 ಡಿ. 1950ರಲ್ಲಿ ಸಂಖ್ಯೆ ಬದಲಿಸಿ ಅಲ್ಲಿಟ್ಟರು, ಅದೂ ತೇಗದ್ದೇ.

ಅಂದಮೇಲೆ ನೀಲಿ ಉಕ್ಕಿನ 2419 ಯಾವ ವರ್ಷದಲ್ಲೂ ಇರಲಿಲ್ಲ. ಒಂದೋ ಕಾರ್ಖಾನೆಯೇ ಜನಪ್ರಿಯ ಸಂಖ್ಯೆಯನ್ನು ಸಿಕ್ಕ ಅಚ್ಚಿನ ಮೇಲೆ ಒತ್ತಿದೆ, ಇಲ್ಲವೇ ಯಾರೋ ಆಮೇಲೆ ಅಂಟಿಸಿದ್ದಾರೆ. ಎರಡನೆಯದಾದರೆ ಬೆಲೆ ಏರುವ ಮಾತಿರಲಿ, ಇಳಿಯಬೇಕು. ಟಾರ್ಚನ್ನು ಬದಿಯಿಂದ ಓರೆಯಾಗಿ ಹಿಡಿಯಿರಿ. ಅಂಕಿಗಳ ಸುತ್ತ ತೆಳು ಪೊರೆಯ ಅಂಚು ಮಿಂಚಿದರೆ ಅದು ನೀರಿನಲ್ಲಿ ನೆನೆಸಿ ಅಂಟಿಸಿದ ಡೆಕಾಲ್. ಕಾರ್ಖಾನೆಯಲ್ಲಿ ಮೆತ್ತೆಯಿಂದ ನೇರವಾಗಿ ಒತ್ತುವ ಪ್ಯಾಡ್ ಪ್ರಿಂಟ್‌ಗೆ ಅಂಚೇ ಇರುವುದಿಲ್ಲ. ಅಂಕಿಗಳ ಬಂಗಾರವನ್ನು ಕಂಪನಿ ಹೆಸರಿನ ಬಂಗಾರದೊಂದಿಗೆ ಹೋಲಿಸಿ ನೋಡಿ. ಒಂದು ಹಳದಿಗೆ, ಇನ್ನೊಂದು ಹಸಿರಿಗೆ ವಾಲಿದ್ದರೆ ಎರಡೂ ಒಂದೇ ಕೈಯ ಕೆಲಸವಲ್ಲ. ಪೆಟ್ಟಿಗೆಯ ತುದಿಯ ಚೀಟಿಯಲ್ಲಿರುವ ಕ್ಯಾಟಲಾಗ್ ಸಂಖ್ಯೆಯನ್ನೂ ತಾಳೆ ನೋಡಿ.

ಎರಡನೇ ಪ್ರಶ್ನೆಗೆ, ಕಿಟಕಿಗಳ ಮೇಲಿನ ಬರಹದ ಕೊನೆಯನ್ನು ಓದಿ. "ಏ ದೇ ಗ್ರಾಂಜ್‌ಎಕ್ಸ್‌ಪ್ರೆಸ್ ಯೂರೋಪೆಯಾಂ" ಎಂದು ಮುಗಿದರೆ ಹಳೆಯ ಹೆಸರು, 1930ಕ್ಕೆ ಸರಿ. "ಏ ದು ತೂರಿಸ್ಮ್" ಎಂದಿದ್ದರೆ 1967ರ ನಂತರದ ಹೆಸರು; ಎಲ್‌ಎಕ್ಸ್ ಕೋಚುಗಳು 1929ರಲ್ಲಿ ಬಂದವಾದರೂ ನಿಮ್ಮ ರೈಲಿಗೆ ಈ ಊಟದ ಕೋಚ್ ಹೊಂದದು. 12 ಅಂಕಿಯ ಸಂಖ್ಯೆ ಕಂಡರೂ ಅಷ್ಟೇ, ಅದು 1960ರ ದಶಕದ ಉತ್ತರಾರ್ಧದ ನಂತರದ್ದು.

ಮಾಪನಕಡ್ಡಿ:
ಅಳತೆಯನ್ನೂ ತೆಗೆಯಿರಿ. ಎಲ್‌ಎಕ್ಸ್ ಮುಂತಾದ ಉಕ್ಕಿನ ಕೋಚುಗಳ ಉದ್ದ ಬಫರಿನಿಂದ ಬಫರಿಗೆ ಸುಮಾರು 23.45 ಮೀಟರ್. 1:87ರಲ್ಲಿ 269–270 ಮಿ.ಮೀ. ಆಗಬೇಕು. 235 ಮಿ.ಮೀ. ಆಸುಪಾಸು ಬಂದರೆ ಉದ್ದವನ್ನು 1:100ಕ್ಕೆ ಕುಗ್ಗಿಸಿದ ಹಳೆಯ ಮಾದರಿ. ಪೂರ್ಣ ಉದ್ದದ ಎಲ್‌ಎಕ್ಸ್ ಪಕ್ಕದಲ್ಲಿ ಅದು ಗಿಡ್ಡಗೆ ಕಂಡೇ ಕಾಣುತ್ತದೆ.

ಚಕ್ರ ನೋಡದೆ ಹಣ ಕೊಡಬೇಡಿ. ಮೂರು ಹಳಿ ವ್ಯವಸ್ಥೆಗೆ (ನಡುವಿನ ಸಂಪರ್ಕದಿಂದಲೂ ಕರೆಂಟ್ ಪಡೆಯುವಂಥದ್ದು) ಮಾಡಿದ ಕೋಚಾದರೆ ಎರಡು ಚಕ್ರಗಳ ನಡುವೆ ವಿದ್ಯುತ್ ತಡೆ ಇರುವುದಿಲ್ಲ. ನಿಮ್ಮ ಹಳಿಗಿಟ್ಟ ಕ್ಷಣವೇ ಶಾರ್ಟ್. ಮಲ್ಟಿಮೀಟರಿನ ಬೀಪ್‌ನಲ್ಲಿ ಎರಡು ಸೆಕೆಂಡಿನಲ್ಲಿ ತಿಳಿಯುತ್ತದೆ. ಚಕ್ರಗಳ ಒಳಮುಖಗಳ ನಡುವಿನ ಅಂತರವೂ ಬೇರೆ: ಮೂರು ಹಳಿಗೆ ಸುಮಾರು 14.0, ಎರಡು ಹಳಿಗೆ ಸುಮಾರು 14.4 ಮಿ.ಮೀ. ಕಡಿಮೆ ಇದ್ದರೆ ಪಾಯಿಂಟ್ (ಹಳಿ ಕವಲೊಡೆಯುವ ಜಾಗ) ದಾಟುವಾಗ ಚಕ್ರ ಎಗರುತ್ತದೆ. ಹಿಂಡಿ ಸರಿಪಡಿಸುವುದಕ್ಕಿಂತ ನಾಲ್ಕು ಜೊತೆ ಹೊಸ ಚಕ್ರ ಹಾಕುವುದು ಲೇಸು. ಹಳೆಯವನ್ನು ಪೆಟ್ಟಿಗೆಯಲ್ಲೇ ಇಡಿ, ಮುಂದೆ ಮಾರುವಾಗ ಬೇಕಾಗುತ್ತದೆ.

ಬೆಸುಗೆಕಡ್ಡಿ:
ದೀಪದ ವಿಷಯ. ಹಳೆಯ ಬಲ್ಬ್ ಕಿಟ್ ಬೇಡ, ಶಾಖಕ್ಕೆ ಚಾವಣಿ ಹಳದಿಯಾಗಿ ಕೊನೆಗೆ ಸೊಟ್ಟಗಾಗುತ್ತದೆ.

ಮೀಟರಿಗೆ 60 ಎಲ್‌ಇಡಿ ಇರುವ 12 ವೋಲ್ಟ್ ಪಟ್ಟಿ ಸಾಕು, 2700–3000 ಕೆಲ್ವಿನ್ ಬೆಚ್ಚಗಿನ ಬಿಳಿ. ಅದನ್ನು 50 ಮಿ.ಮೀ.ಗೊಮ್ಮೆ ಕತ್ತರಿಸಬಹುದು; 270 ಮಿ.ಮೀ. ಕೋಚಿಗೆ ಐದು ತುಂಡಿನ ಉದ್ದ, ಅಂದರೆ 15 ಎಲ್‌ಇಡಿ. ಹಳಿಯಿಂದ ಬಂದ ಎರಡು ತಂತಿ ಮೊದಲು ಬ್ರಿಜ್ ರೆಕ್ಟಿಫೈಯರಿಗೆ (ಕರೆಂಟನ್ನು ಒಂದೇ ದಿಕ್ಕಿಗೆ ತಿರುಗಿಸುವ ಭಾಗ). ಅದರ ಪ್ಲಸ್-ಮೈನಸ್ ನಡುವೆ 470 ಮೈಕ್ರೋಫ್ಯಾರಡ್, 25 ವೋಲ್ಟ್ ಕೆಪಾಸಿಟರ್ (16 ವೋಲ್ಟಿನದು ಹಾಕಬೇಡಿ, ಹಳಿಗೆ ಕರೆಂಟ್ ಕೊಡುವ ಕೆಲವು ಡಿಸಿಸಿ ಕೇಂದ್ರಗಳು ಅದನ್ನು ಮೀರುತ್ತವೆ). ಕೆಪಾಸಿಟರಿನ ಪ್ಲಸ್ ಕಾಲಿಗೆ ಸರಣಿಯಲ್ಲಿ 100 ಓಮ್, ಆ 100 ಓಮ್‌ಗೆ ಸಮಾಂತರವಾಗಿ ಒಂದು ಡಯೋಡ್. ಡಯೋಡಿನ ಪಟ್ಟೆಯಿರುವ ತುದಿ ರೆಕ್ಟಿಫೈಯರಿನ ಪ್ಲಸ್ ಕಡೆಗೆ. ಚಾರ್ಜ್ ನಿಧಾನವಾಗಿ ಆಗುತ್ತದೆ, ಕೊಡುವಾಗ ತಡೆಯಿಲ್ಲದೆ ಕೊಡುತ್ತದೆ. ಇದನ್ನು ಬಿಟ್ಟು ಹತ್ತು ಕೋಚ್ ಓಡಿಸಿದರೆ ಪವರ್ ಹಾಕಿದೊಡನೆ ಎಲ್ಲ ಕೆಪಾಸಿಟರ್ ಒಟ್ಟಿಗೆ ಎಳೆದು ಕೇಂದ್ರ ಶಾರ್ಟ್ ಎಂದು ಆರಿಹೋಗುತ್ತದೆ.

ಪಟ್ಟಿಗೆ ಮುಂಚೆ 560 ಅಥವಾ 680 ಓಮ್. ಒಟ್ಟು ಸುಮಾರು 10 ಮಿಲಿಆಂಪ್ ಹರಿಯುತ್ತದೆ, ಹಳಿ ಕೊಳಕಾಗಿ ಸಂಪರ್ಕ ತಪ್ಪಿದರೂ ಮೂರನೇ ಒಂದು ಸೆಕೆಂಡಿನಷ್ಟು ಹೊತ್ತು ದೀಪ ನಿಲ್ಲುತ್ತದೆ. ರೆಸಿಸ್ಟರ್ ಇಲ್ಲದೆ ಉರಿಸಿದರೆ ಊಟದ ಕೋಚ್ ಆಪರೇಷನ್ ಥಿಯೇಟರಿನ ಹಾಗೆ ಕಾಣುತ್ತದೆ.

ಮಿಣುಕಿಗೆ ನಿಜವಾದ ಮದ್ದು ಸಂಪರ್ಕ. ಎರಡೂ ಟ್ರಕ್ಕುಗಳಿಂದ (ಚಕ್ರ ಹೊತ್ತ ಚೌಕಟ್ಟುಗಳು), ಎರಡೂ ಹಳಿಗಳಿಂದ ಕರೆಂಟ್ ತೆಗೆಯಿರಿ. ತೆಳುವಾದ ಫಾಸ್ಫರ್ ಬ್ರಾಂಜ್ ತಂತಿ ಚಕ್ರದ ಒಳಮುಖವನ್ನು ಸವರುವಷ್ಟೇ ಇರಲಿ. ಬಿಗಿಯಾದರೆ ಚಕ್ರ ಉರುಳದೆ ಜಾರುತ್ತದೆ.

ಅಡುಗೆಮನೆ ಭಾಗದ ಕಿಟಕಿ ಗಮನಿಸಿ. ಅಸಲಿ ಕೋಚಿನಲ್ಲಿ ಅಲ್ಲಿ ಮಸುಕು ಗಾಜು. ಪಾರದರ್ಶಕವಾಗಿಯೇ ಬಿಟ್ಟಿದ್ದರೆ ದೀಪ ಹಾಕಿದ ಮೇಲೆ ಖಾಲಿ ಪ್ಲಾಸ್ಟಿಕ್ ಗೋಡೆ ಎದ್ದು ಕಾಣುತ್ತದೆ. ಒಳಗಿನಿಂದ ಟ್ರೇಸಿಂಗ್ ಪೇಪರ್ ಇಟ್ಟರೆ ಮುಗಿಯಿತು, ಬೇಡವೆಂದಾಗ ತೆಗೆಯಲೂಬಹುದು.

ಕಿರುಹಳಿ:
ಟಾರ್ಚ್ ಹಿಡಿದು ನೋಡಿದೆ. 2419ರ ಸುತ್ತ ಪೊರೆಯ ಅಂಚು ಸ್ಪಷ್ಟ. ಹೆಸರು "ಗ್ರಾಂಜ್‌ಎಕ್ಸ್‌ಪ್ರೆಸ್" ಎಂದೇ ಇದೆ, ಉದ್ದ 269. ಚಕ್ರಕ್ಕೆ ತಡೆ ಇದೆ. ಮಾಮೂಲಿಗಿಂತ ಕಡಿಮೆಗೆ ಕೊಡಲು ಒಪ್ಪಿದ್ದಾರೆ. ಆ ಅಂಕಿ ತೆಗೆಯಲು ಐಸೊಪ್ರೊಪೈಲ್ ಆಲ್ಕೊಹಾಲ್ ಆಗುತ್ತದೆಯೇ?

ತೇಗದಪಟ್ಟಿ:
ಬೇಡವೇ ಬೇಡ, ಅಡಿಯ ಕಾರ್ಖಾನೆ ಅಕ್ಷರವೂ ಎದ್ದು ಬರುತ್ತದೆ. ಬೆಚ್ಚಗಿನ ನೀರಿನಲ್ಲಿ ಅದ್ದಿದ ಹತ್ತಿಯನ್ನು ಅಂಕಿಯ ಮೇಲೆ ಹತ್ತು ನಿಮಿಷ ಇಡಿ, ಆಮೇಲೆ ಸೆಲ್ಲೋಟೇಪಿನ ಅಂಟು ಬೆರಳಿಗೆ ಒತ್ತಿ ಕಡಿಮೆ ಮಾಡಿಕೊಂಡು ಒಂದು ಮೂಲೆಯಿಂದ ಎತ್ತಿ ನೋಡಿ. ಮೇಲೆ ವಾರ್ನಿಷ್ ಬಳಿದಿದ್ದರೆ ಬರುವುದಿಲ್ಲ. ಆಗ ಹಾಗೇ ಬಿಡಿ, ಕೆರೆಯಬೇಡಿ.

ಪೆಟ್ಟಿಗೆಯೊಳಗಿನ ಹಳೆಯ ಸ್ಪಾಂಜನ್ನು ಇವತ್ತೇ ತೆಗೆಯಿರಿ. ಪಾಲಿಯುರಿಥೇನ್ ಸ್ಪಾಂಜ್ ಹಳತಾದಂತೆ ಅಂಟಂಟಾಗಿ ಬಣ್ಣಕ್ಕೆ ಹತ್ತಿಕೊಳ್ಳುತ್ತದೆ. ಬದಲಿಗೆ ಆಮ್ಲರಹಿತ ಟಿಶ್ಯೂ ಕಾಗದ ಸುತ್ತಿ.

ಮಾಪನಕಡ್ಡಿ:
ಓಡಿಸುವ ಮುಂಚೆ ಒಂದು ಮಾತು: 360 ಮಿ.ಮೀ. ತ್ರಿಜ್ಯದ ತಿರುವಿದ್ದರೆ ಕೋಚುಗಳ ನಡುವಿನ ರಬ್ಬರ್ ಬೆಲ್ಲೋಸ್ (ಮಡಿಕೆಯ ಹೊದಿಕೆ) ಒಂದಕ್ಕೊಂದು ಒತ್ತಿ ಹಗುರವಾದ ಕೋಚನ್ನು ಹಳಿ ತಪ್ಪಿಸುತ್ತವೆ. ಎನ್‌ಎಂಆರ್‌ಎ (ಅಮೆರಿಕದ ಮಾದರಿ ರೈಲು ಸಂಘ) ಶಿಫಾರಸಿನ ಲೆಕ್ಕದಲ್ಲಿ ಈ ಉದ್ದಕ್ಕೆ ಸುಮಾರು 180 ಗ್ರಾಂ ತೂಕ ಬೇಕು. ಕಡಿಮೆ ಇದ್ದರೆ ಸೀಸದ ಪಟ್ಟಿಯನ್ನು ಟ್ರಕ್ಕುಗಳ ಮೇಲೆ, ನೆಲದ ಮಟ್ಟದಲ್ಲೇ ಅಂಟಿಸಿ. ಚಾವಣಿಗೆ ಅಂಟಿಸಿದರೆ ತಿರುವಿನಲ್ಲಿ ವಾಲುತ್ತದೆ.