ಗ್ರಾಮಿನ ಲೆಕ್ಕವನ್ನು ಕಪ್ಪಿಗೆ ಇಳಿಸುವುದು ಹೇಗೆ?

ಕೋರಿಕೆ:
ನನ್ನ ಅಡುಗೆಮನೆಯ ತೂಕದ ಯಂತ್ರ ಕೆಟ್ಟಿದೆ, ಕೈಯಲ್ಲಿರುವ ಕೇಕಿನ ಪಾಕವಿಧಾನವೋ ಪೂರ್ತಿ ಗ್ರಾಮಿನಲ್ಲಿದೆ: ಮೈದಾ 300, ಸಕ್ಕರೆ 180, ಬೆಣ್ಣೆ 110. ಮಿಲಿಲೀಟರ್ ಗೆರೆಗಳಿರುವ ಜಾರಿನಲ್ಲಿ 300ರ ಗೆರೆಯವರೆಗೆ ಮೈದಾ ತುಂಬಿ ಕಲಸಿದೆ. ಮಿಶ್ರಣ ಗಂಜಿಯಂತೆ ನೀರಾಯಿತು, ಬೆಂದ ಮೇಲೂ ಕೇಕಿನ ನಡುಭಾಗ ಕುಸಿದು ಅಂಟಂಟಾಗಿಯೇ ಉಳಿಯಿತು. ತೂಕವನ್ನು ಕಪ್ಪು, ಚಮಚಗಳಿಗೆ ಬದಲಿಸಿಕೊಳ್ಳುವ ನಂಬಬಹುದಾದ ದಾರಿಯನ್ನು ಅನುಭವವಿದ್ದವರು ದಯವಿಟ್ಟು ತಿಳಿಸಿ.

ಮೊದಲ ಉತ್ತರ:
ಗ್ರಾಮೂ ಮಿಲಿಲೀಟರೂ ಒಂದೇ ಎಂಬ ಲೆಕ್ಕ ನೀರಿಗೆ ಸರಿ, ಹಾಲಿಗೂ ಹೆಚ್ಚುಕಡಿಮೆ ಸರಿ. ಮೈದಾದ ಕಣಗಳ ನಡುವೆ ಗಾಳಿ ಸೇರಿಕೊಂಡಿರುವುದರಿಂದ 240 ಮಿಲಿಲೀಟರಿನ ಕಪ್ಪಿನಲ್ಲಿ ಅದು 120ರಿಂದ 125 ಗ್ರಾಂ ಮಾತ್ರ ತೂಗುತ್ತದೆ. ಅಂದರೆ ನಿಮ್ಮ ಕೇಕಿಗೆ ಬೇಕಾದದ್ದರಲ್ಲಿ ಅರ್ಧದಷ್ಟೇ ಮೈದಾ ಬಿದ್ದಿದೆ. ಅದೇ ಕಪ್ಪು ಸಕ್ಕರೆಯನ್ನು 200 ಗ್ರಾಂ, ಎಣ್ಣೆಯನ್ನು ಸುಮಾರು 220, ಜೇನುತುಪ್ಪವನ್ನು 340 ಗ್ರಾಂ ಹಿಡಿಯುತ್ತದೆ. ನಿಮ್ಮ ಸಕ್ಕರೆಗೆ ಒಂದು ಕಪ್ಪು ತುಂಬಿ, ಅದರಿಂದ ಒಂದೂವರೆ ದೊಡ್ಡ ಚಮಚ ಹಿಂದಕ್ಕೆ ತೆಗೆದರೆ ಸಾಕು.

ಎರಡನೆಯ ಉತ್ತರ:
ಮೇಲಿನ ಅಂಕಿಗಳು ಸರಿಯಾದರೂ ತುಂಬುವ ಕೈಯನ್ನು ಅವು ಲೆಕ್ಕಕ್ಕೆ ತೆಗೆದುಕೊಂಡಿಲ್ಲ. ಹಿಟ್ಟನ್ನು ಮೊದಲು ಕೆದಕಿ ಸಡಿಲಗೊಳಿಸಿ, ಚಮಚದಿಂದ ಕಪ್ಪಿಗೆ ಹಾಕಿ, ಚಾಕುವಿನ ಬೆನ್ನಿನಿಂದ ಮೇಲ್ಭಾಗವನ್ನು ಸಮ ಮಾಡಿದರೆ 120 ಗ್ರಾಂ ಬರುತ್ತದೆ. ಕಪ್ಪನ್ನೇ ಡಬ್ಬದೊಳಗೆ ಅದ್ದಿ ಒತ್ತಿ ತೆಗೆದರೆ 150ನ್ನೂ ಮುಟ್ಟುತ್ತದೆ. ಕಪ್ಪುಗಳೂ ಒಂದೇ ಅಳತೆಯವಲ್ಲ: ಅಮೆರಿಕದ್ದು ಸುಮಾರು 237 ಮಿಲಿಲೀಟರ್, ಆಸ್ಟ್ರೇಲಿಯದ್ದು 250, ಜಪಾನಿನದು 200. ದೊಡ್ಡ ಚಮಚ ಸಾಮಾನ್ಯವಾಗಿ 15 ಮಿಲಿಲೀಟರ್ ಆದರೆ ಆಸ್ಟ್ರೇಲಿಯದಲ್ಲಿ 20. ಚಹಾ ಕುಡಿಯುವ ಕಪ್ಪನ್ನಂತೂ ಈ ಲೆಕ್ಕಕ್ಕೆ ತರಲೇಬೇಡಿ.

ಮೂರನೆಯ ಉತ್ತರ:
ಕೋಷ್ಟಕಗಳನ್ನು ನಂಬಿ ಸಾಕಾದ ಮೇಲೆ ನಾನು ಬೇರೆ ದಾರಿ ಹಿಡಿದೆ. ಒಂದು ಕಿಲೋ ಮೈದಾದ ಹೊಸ ಪೊಟ್ಟಣವನ್ನು ಒಡೆದು, ನಿಮ್ಮದೇ ಕಪ್ಪಿನಿಂದ, ನಿಮ್ಮ ಎಂದಿನ ರೀತಿಯಲ್ಲೇ ಅಳೆದಳೆದು ಡಬ್ಬಕ್ಕೆ ಸುರಿಯಿರಿ. ಎಷ್ಟು ಕಪ್ಪಾಯಿತೋ ಆ ಸಂಖ್ಯೆಯಿಂದ 1000ವನ್ನು ಭಾಗಿಸಿದರೆ ನಿಮ್ಮ ಕಪ್ಪಿನ ತೂಕ ಸಿಗುತ್ತದೆ, ತಕ್ಕಡಿಯೇ ಬೇಕಿಲ್ಲ. ಬೆಣ್ಣೆಗೆ ಕಪ್ಪೂ ಬೇಡ: 500 ಗ್ರಾಂ ಗಟ್ಟಿಯನ್ನು ನಾಲ್ಕು ಸಮಭಾಗ ಮಾಡಿ, ಒಂದು ಭಾಗದಿಂದ ದೊಡ್ಡ ಚಮಚದಷ್ಟು ತೆಗೆದರೆ ಉಳಿಯುವುದು ಸುಮಾರು 110 ಗ್ರಾಂ. ಉಪ್ಪಿನ ವಿಷಯದಲ್ಲಿ ಮಾತ್ರ ಎಚ್ಚರವಿರಲಿ; ಪುಡಿ ಉಪ್ಪು ಚಿಕ್ಕ ಚಮಚಕ್ಕೆ 6 ಗ್ರಾಂ ತೂಗಿದರೆ, ಹರಳು ದೊಡ್ಡದಾಗಿ ಹಗುರವಾಗಿರುವ ಉಪ್ಪು ಅದರ ಅರ್ಧಕ್ಕೂ ಇಳಿಯಬಹುದು.

ಕೋರಿದವರ ಮರುಮಾತು:
ಎಲ್ಲರಿಗೂ ಧನ್ಯವಾದಗಳು. ಪೊಟ್ಟಣದ ಪ್ರಯೋಗ ಮಾಡಿದೆ. ನನ್ನ ಕಪ್ಪಿನಲ್ಲಿ ಒಂದು ಕಿಲೋ ಮೈದಾ ಏಳೂಕಾಲು ಕಪ್ಪಾಯಿತು, ಅಂದರೆ ಕಪ್ಪಿಗೆ 138 ಗ್ರಾಂ. ನನ್ನದು ಒತ್ತಿ ತುಂಬುವ ಕೈ ಎಂಬುದು ಈಗಷ್ಟೇ ತಿಳಿಯಿತು. 300 ಗ್ರಾಮಿಗೆಂದು ಎರಡು ಕಪ್ಪು ಮತ್ತು ಮೂರು ದೊಡ್ಡ ಚಮಚ ಹಾಕಿದೆ. ಈ ಸಲ ನಡುಭಾಗಕ್ಕೆ ಚುಚ್ಚಿದ ಕಡ್ಡಿಗೆ ಏನೂ ಅಂಟಲಿಲ್ಲ, ಮೇಲ್ಭಾಗ ಮಾತ್ರ ಸ್ವಲ್ಪ ಬಿರಿದಿದೆ. 138 ಎಂದು ಬರೆದ ಚೀಟಿಯನ್ನು ಕಪ್ಪಿನ ತಳಕ್ಕೆ ಅಂಟಿಸಿಟ್ಟಿದ್ದೇನೆ.